ಹೊಸ ಪೆಟ್ಟಿಗೆ ಬಂದಾಗಲೆಲ್ಲ

14 ಮೇ 1997
ರಿಪೇರಿ ಅಂಗಡಿಯಿಂದ

ಪ್ರೀತಿಯ ಅಣ್ಣ,

ಮೊದಲು ಕೂತುಕೋ. ಹಡಗು ಅಲ್ಲಾಡುತ್ತಿದ್ದರೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೋ. ಆಮೇಲೆ ಓದು.

ಬೆಳಿಗ್ಗೆ ಹಲ್ಲಿನ ಡಾಕ್ಟರೊಬ್ಬರು ಹೊಸ ಗೇಮ್ ಪೆಟ್ಟಿಗೆಯೊಂದನ್ನು ತಂದು ಕೌಂಟರಿನ ಮೇಲಿಟ್ಟು, "ಪ್ರವಾಸ ಹೋದಾಗ ತಂದಿದ್ದು, ಇಲ್ಲಿನ ಕರೆಂಟಿಗೆ ಹೊಂದುತ್ತಾ ನೋಡಿ" ಎಂದು ಹೇಳಿ ಹೋದರು. ನೋಡುವ ಕೆಲಸ ನನ್ನ ಪಾಲಿಗೆ ಬಂತು. ಟ್ರಾನ್ಸ್‌ಫಾರ್ಮರ್ ಹಾಕಿ, ಟೀವಿಗೆ ಜೋಡಿಸಿ ಸ್ವಿಚ್ ಒತ್ತಿದೆ. ಅಷ್ಟೇ, ಅಲ್ಲಿಂದಾಚೆ ನಾನು ನನ್ನ ಕೈಯಲ್ಲಿರಲಿಲ್ಲ.

ನಮ್ಮ ಹಳೆ ಪೆಟ್ಟಿಗೆಯಲ್ಲಿ ಏನಿತ್ತು ಹೇಳು? ಎಡದಿಂದ ಬಲಕ್ಕೆ ಓಡು, ಮತ್ತೂ ಬಲಕ್ಕೆ ಓಡು. ಮರ ಎಂದರೆ ಗೋಡೆಗೆ ಅಂಟಿಸಿದ ಚಿತ್ರ, ಅದಕ್ಕೆ ಬೆನ್ನೇ ಇರಲಿಲ್ಲ. ಇದರಲ್ಲಿ ಮರದ ಹಿಂದೆ ಹೋಗಬಹುದು ಅಣ್ಣ! ನಾನು ಹೋದೆ. ಹಿಂದೆ ಹೋಗಿ, ಸುತ್ತಿ, ಈ ಕಡೆಯಿಂದ ಬಂದೆ. ನಂಬಿಕೆಯಾಗದೆ ಇನ್ನೊಂದು ಸುತ್ತು ಹೊಡೆದೆ. ಹೆಬ್ಬೆರಳಿಗೆ ಒಂದು ಪುಟ್ಟ ಕೋಲು ಕೊಟ್ಟಿದ್ದಾರೆ. ಮೆಲ್ಲಗೆ ತಳ್ಳಿದರೆ ನಡಿಗೆ, ಜೋರಾಗಿ ತಳ್ಳಿದರೆ ಓಟ. ದೂರದಲ್ಲೊಂದು ಬೆಟ್ಟ ಕಂಡಿತು. ಚಿತ್ರವಿರಬೇಕು ಎಂದುಕೊಂಡೆ. ಹತ್ತಿದೆ! ತುದಿಯಲ್ಲಿ ನಿಂತು ಹಿಂತಿರುಗಿ ನೋಡಿದರೆ ನಾನು ಸುತ್ತಿದ ಮರ ಕೆಳಗೆ ಬೆರಳಿನಷ್ಟು ಕಾಣುತ್ತಿತ್ತು. ಕಣ್ಣಲ್ಲಿ ನೀರು ಬಂತು, ನಗಬೇಡ.

ಯಜಮಾನರು ಯಾವಾಗ ಬಂದು ಹಿಂದೆ ನಿಂತರೋ ಗೊತ್ತಿಲ್ಲ. "ಕರೆಂಟ್ ನೋಡು ಅಂದ್ರೆ ಕಾಡು ನೋಡ್ತಾ ಕೂತಿದ್ದೀಯಲ್ಲಮ್ಮ" ಎಂದರು. ಬೈಗುಳ ಬೀಳುತ್ತದೆ ಎಂದುಕೊಂಡರೆ ಸ್ಟೂಲು ಎಳೆದುಕೊಂಡು, "ಆ ಸೇತುವೆ ಆಚೆ ಏನಿದೆ?" ಎಂದು ಕೇಳಿದರು. ಮೂರು ರೇಡಿಯೋ ಇವತ್ತು ಬಿಚ್ಚದೆ ಹಾಗೇ ಉಳಿದವು.

ಇದಕ್ಕಿಂತ ದೊಡ್ಡ ಜಿಗಿತ ಇನ್ನು ಬರುವುದಿಲ್ಲ, ಬರೆದಿಟ್ಟುಕೋ.

ನಿನ್ನ ತಂಗಿ


2 ಸೆಪ್ಟೆಂಬರ್ 1997
ಹಡಗಿನಿಂದ

ಪ್ರೀತಿಯ ಸ್ಕ್ರೂ,

ಮನೆಯಲ್ಲಿದ್ದ ಗಡಿಯಾರ, ಇಸ್ತ್ರಿಪೆಟ್ಟಿಗೆ, ಅಪ್ಪನ ಕನ್ನಡಕ ಯಾವುದನ್ನೂ ಬಿಡದೆ ಬಿಚ್ಚಿದವಳಿಗೆ ನಾನಿಟ್ಟ ಹೆಸರು ಸರಿಯಾಗಿಯೇ ಇದೆ. ಈಗ ಬಿಚ್ಚುವುದಕ್ಕೆ ಸಂಬಳ ಬೇರೆ!

ನಿನ್ನ ಕಾಗದ ಮೂರು ಬಂದರು ಸುತ್ತಿ ಕೈಗೆ ಸಿಕ್ಕಿತು. ಓದಿ ನಕ್ಕೆ. ದೊಡ್ಡ ಜಿಗಿತವಂತೆ! ಎಂಟು ಬಿಟ್‌ನಿಂದ ಹದಿನಾರರ ಪೆಟ್ಟಿಗೆಗೆ ಬಂದದ್ದನ್ನು ಮರೆತೆಯಾ? ಹತ್ತಿರದ ಮೋಡ ಬೇಗ, ದೂರದ ಮೋಡ ನಿಧಾನ ಚಲಿಸುವುದನ್ನು ಕಂಡು ನೀನೇ "ಆಕಾಶಕ್ಕೆ ಆಳ ಬಂತು" ಎಂದು ಕಿರುಚಿದ್ದೆ. ಹೀಗೆಲ್ಲ ಉತ್ತರ ಬರೆಯಬೇಕೆಂದು ಸಿದ್ಧನಾಗಿದ್ದೆ. ಅಷ್ಟರಲ್ಲಿ ಹಡಗು ದಡ ಮುಟ್ಟಿತು. ವೈರಿಂಗ್ ಸಾಮಾನು ತರಲು ಹೋದವನಿಗೆ ಅಂಗಡಿಯೊಂದರ ಗಾಜಿನಾಚೆ ನಿನ್ನ ಪೆಟ್ಟಿಗೆ ಕಂಡಿತು. ಹತ್ತು ನಿಮಿಷ ಆಡಲು ಬಿಟ್ಟರು.

ಮನುಷ್ಯರ ಮುಖ ರೊಟ್ಟಿ ಡಬ್ಬಿಯ ಹಾಗಿದೆ, ಮೂಗಂತೂ ಗೋಡೆಯ ಮೂಲೆ. ಆದರೂ ಒಪ್ಪಿದೆ. ಸೋತೆ. ನಾನೂ ಮರ ಸುತ್ತಿದೆ.

ಒಂದು ಕರಾರು ಮಾಡಿಕೊಳ್ಳೋಣ. ಊಟ, ನೆಗಡಿ, ಮನೆ ಸುದ್ದಿ ಎಲ್ಲ ಫೋನಿಗೆ. ಕಾಗದದಲ್ಲಿ ಪೆಟ್ಟಿಗೆ ಮಾತ್ರ. ಹೊಸದು ಬಂದಾಗಲೆಲ್ಲ ಮೊದಲು ನೋಡಿದವರು ಮೊದಲು ಬರೆಯಬೇಕು.

ನಿನ್ನ ಅಣ್ಣ


9 ಡಿಸೆಂಬರ್ 2001
ನನ್ನ ಅಂಗಡಿಯಿಂದ (ಹೌದು, ಈಗ ಬೋರ್ಡಿನ ಮೇಲೆ ನನ್ನ ಹೆಸರು. ಯಜಮಾನರು ಕೀಲಿಕೈ ನನ್ನ ಕೈಗೆ ಕೊಟ್ಟು, ದಿನಾ ಮಧ್ಯಾಹ್ನ ಆಡಲು ಮಾತ್ರ ಬರುತ್ತಾರೆ.)

ಅಣ್ಣಾ,

ಬೆರಳು! ಐದೂ ಬೆರಳು ಬೇರೆಬೇರೆ!

ಹಿಂದಿನ ಪೆಟ್ಟಿಗೆಯಲ್ಲಿ ಕೈ ಎಂದರೆ ಮುಷ್ಟಿ, ಕತ್ತಿಯನ್ನು ಗೋಂದು ಹಾಕಿ ಅಂಟಿಸಿದ ಹಾಗಿರುತ್ತಿತ್ತು. ಈ ಹೊಸದರಲ್ಲಿ ನಾಯಕಿ ಕತ್ತಿ ಹಿಡಿದರೆ ಒಂದೊಂದೇ ಬೆರಳು ಮಡಚುತ್ತದೆ. ಮಾತಾಡುವಾಗ ತುಟಿ ಕೂಡುತ್ತದೆ. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ ಅಣ್ಣ. ಆಟದ ಬೊಂಬೆ ನನ್ನಿಂದ ಕಣ್ಣು ತಪ್ಪಿಸಿತು! ಯಜಮಾನರು, "ಇವನು ನಮ್ಮ ಹಳೇ ಬಾಡಿಗೆದಾರನ ಥರಾನೇ ಇದ್ದಾನೆ, ನಂಬಬೇಡ" ಎಂದರು. ನಂಬಿದೆ. ಎರಡನೇ ಅಧ್ಯಾಯದಲ್ಲೇ ವಿಷ ಹಾಕಿದ.

1997ರಲ್ಲಿ ಇದಕ್ಕಿಂತ ದೊಡ್ಡದು ಬರುವುದಿಲ್ಲ ಎಂದವಳು ನಾನಲ್ಲ, ಬೇರೆ ಯಾರೋ.

ನಿನ್ನ ಮದುವೆಯಲ್ಲಿ ಅತ್ತಿಗೆಗೆ ಇದನ್ನೆಲ್ಲ ಹೇಳಲಾಗಲಿಲ್ಲ. ಅವರಿಗೆ ಆಟ ಇಷ್ಟವೇ?

ನಿನ್ನ ತಂಗಿ


20 ಮಾರ್ಚ್ 2007
ಹಡಗಿನಿಂದ

ಪ್ರೀತಿಯ ಸ್ಕ್ರೂ,

ಈ ಸಲ ಮೊದಲು ನೋಡಿದವನು ನಾನು! ಹಡಗಿನ ಊಟದ ಕೋಣೆಗೆ ಹೊಸ ಪೆಟ್ಟಿಗೆ ಬಂದಿದೆ. ಸಿಬ್ಬಂದಿಯೆಲ್ಲ ಪಾಳಿ ಹಾಕಿಕೊಂಡು ಆಡುತ್ತೇವೆ. ಅಡುಗೆಯವನ ಮುಂದೆ ಯಾರೂ ನಿಲ್ಲುವುದಿಲ್ಲ. ಆಟದೊಳಗಿನವರ ಮುಂಗೈಯ ಮೇಲೆ ರೋಮ ಕಾಣುತ್ತದೆ. ಹಣೆಯ ಬೆವರು ಹರಿದು ಹುಬ್ಬಿನಲ್ಲಿ ನಿಲ್ಲುತ್ತದೆ. ದಡ ಮುಟ್ಟಿದಾಗ ತಂತಿ ಜೋಡಿಸಿದರೆ ಪ್ರಪಂಚದ ಇನ್ನೊಂದು ಮೂಲೆಯಲ್ಲಿರುವವನ ಜೊತೆ ಕುಸ್ತಿ! ಅವನ್ಯಾರೋ, ಅವನ ಭಾಷೆ ಯಾವುದೋ. ಗೆದ್ದಾಗ ಅವನು ಕೂಗಿದ್ದು ಮಾತ್ರ ನೀನು ಕೂಗುವ ಹಾಗೇ ಇತ್ತು.

ಒಂದೇ ತಕರಾರು. ಅಕ್ಷರಗಳನ್ನು ಇರುವೆ ಕಾಲಿನಷ್ಟು ಸಣ್ಣದಾಗಿ ಬರೆದಿದ್ದಾರೆ. ಪರದೆಯ ಅಂಚಿನಿಂದ ನುಗ್ಗುವ ಶತ್ರುಗಳೂ ನನಗೆ ಕಾಣುವುದಿಲ್ಲ. ಎಲ್ಲರೂ "ಎಡಗಡೆ, ಎಡಗಡೆ!" ಎಂದು ಕೂಗುತ್ತಾರೆ, ನಾನು ಅಷ್ಟರಲ್ಲಿ ಸತ್ತಿರುತ್ತೇನೆ. ಆಟವೇ ಹೀಗೋ, ನಾನೇ ಹೀಗೋ.

ನಿನ್ನ ಅಣ್ಣ


11 ಏಪ್ರಿಲ್ 2007
ಅಂಗಡಿಯಿಂದ

ಅಣ್ಣಾ,

ತಪ್ಪು ನಿನ್ನದಲ್ಲ, ಟೀವಿಯದು! ಹೊಸ ಆಟಗಳನ್ನೆಲ್ಲ ಅಗಲ ಪರದೆಗೆಂದು ಮಾಡಿರುತ್ತಾರೆ. ಹಳೆ ಡಬ್ಬ ಟೀವಿಗೆ ಜೋಡಿಸಿದರೆ ಅಕ್ಷರ ಇರುವೆಯಾಗುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ವಾರಕ್ಕೆ ಹತ್ತು ಜನ ಇದೇ ದೂರು ಹೊತ್ತು ಬರುತ್ತಾರೆ. ಒಳ್ಳೆಯ ಕೇಬಲ್ ಒಂದನ್ನು ಇದರ ಜೊತೆ ಕಳಿಸಿದ್ದೇನೆ. ಕ್ಯಾಪ್ಟನ್‌ಗೆ ಹೇಳಿ ಟೀವಿ ಬದಲಾಯಿಸು. ಆಮೇಲೆ ನೋಡು, ಅಡುಗೆಯವನು ನಿನ್ನ ಮುಂದೆ ಮಂಡಿಯೂರುತ್ತಾನೆ.

ನಿನ್ನ ತಂಗಿ


6 ಜುಲೈ 2014
ಹಡಗಿನಿಂದ

ಪ್ರೀತಿಯ ಸ್ಕ್ರೂ,

ನೀನು ಕಳಿಸಿದ ಹೊಸ ಪೆಟ್ಟಿಗೆ ತಲುಪಿತು. ಬಹಳ ಚೆನ್ನಾಗಿದೆ.

ಹೆಜ್ಜೆ ಸದ್ದು ಅದ್ಭುತ. ಕಲ್ಲಿನ ಮೇಲೊಂದು, ಒಣ ಎಲೆಯ ಮೇಲೊಂದು, ಒದ್ದೆ ಮಣ್ಣಿನ ಮೇಲೊಂದು. ಗುಹೆಯೊಳಗೆ ಹೋದರೆ ಉಸಿರು ಗೋಡೆಗೆ ತಾಗಿ ವಾಪಸು ಬರುತ್ತದೆ. ಹಿಂದಿನಿಂದ ಯಾರಾದರೂ ಬಂದರೆ ಬಟ್ಟೆಯ ಸರಸರ ಮೊದಲೇ ಕೇಳಿಸುತ್ತದೆ. ಹಳೆಯದರಲ್ಲಿ ಎಲ್ಲ ಒಂದೇ ಟಪಟಪ ಆಗಿತ್ತು.

ಚಿತ್ರಗಳೂ ಚೆನ್ನಾಗಿವೆ.

ನಿನ್ನ ಅಣ್ಣ


28 ಜುಲೈ 2014
ಅಂಗಡಿಯಿಂದ

ಅಣ್ಣ,

ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಪೆಟ್ಟಿಗೆಯ ಜೊತೆ ನಾನು ಮೂರು ಪುಟ ಬರೆದಿದ್ದೆ. ಹುಲ್ಲಿನ ಒಂದೊಂದು ಎಸಳೂ ಬೇರೆಯಾಗಿ ಬಾಗುವುದು, ಹಿಮದಲ್ಲಿ ಹೆಜ್ಜೆ ಹೂತು ಗುರುತು ಉಳಿಯುವುದು, ಮುದುಕಿಯ ಕೆನ್ನೆಯ ಮೇಲೆ ದೀಪದ ಬೆಳಕು ಚರ್ಮದೊಳಕ್ಕೇ ಇಳಿಯುವುದು. ಇವುಗಳಿಗೆಲ್ಲ ನಿನ್ನ ಉತ್ತರ "ಚಿತ್ರಗಳೂ ಚೆನ್ನಾಗಿವೆ." ಮಗುವಿನ ಡ್ರಾಯಿಂಗ್ ನೋಡಿ ನೆಂಟರು ಹೇಳುವ ಮಾತು! ನನಗೆ ಮೂವತ್ತಾರು ತುಂಬಿತು, ಇನ್ನೂ ಇದೇ ಹುಚ್ಚಾ ಎಂದು ನಿನಗೂ ಅನ್ನಿಸಿದ್ದರೆ ನೇರವಾಗಿ ಹೇಳು. ಬೇರೆಯವರು ಹೇಳುತ್ತಲೇ ಇದ್ದಾರೆ, ಗುಂಪಿಗೆ ನೀನೂ ಸೇರಿಕೋ.

ಇನ್ನೊಂದು ವಿಷಯ. ಕೋಳಿ ಕೆದಕಿದಂತಿದ್ದ ನಿನ್ನ ಅಕ್ಷರ ಇಷ್ಟು ದುಂಡಗೆ ಯಾವಾಗ ಆಯಿತು?

ತಂಗಿ


19 ಆಗಸ್ಟ್ 2014
ಹಡಗಿನಿಂದ

ಪ್ರೀತಿಯ ಸ್ಕ್ರೂ,

ಸಿಟ್ಟು ಮಾಡಿಕೊಳ್ಳಬೇಡ. ನಿನ್ನದು ಹುಚ್ಚಾದರೆ ಅದನ್ನು ಹತ್ತಿಸಿದವನೇ ನಾನು. ಇಲ್ಲಿ ಕೆಲಸ ಜಾಸ್ತಿ, ಜನರೇಟರ್ ಕೈಕೊಟ್ಟಿತ್ತು, ಆತುರದಲ್ಲಿ ಬರೆದೆ. ಅಕ್ಷರದ ವಿಷಯಕ್ಕೆ ಬಂದರೆ, ಸಮುದ್ರದ ಮೇಲೆ ಪುರಸೊತ್ತು ಬಹಳ. ಕಾಪಿ ಬರೆದು ತಿದ್ದಿಕೊಂಡೆ. ಹುಲ್ಲು ನಿಜವಾಗಿಯೂ ಬಹಳ ಹಸಿರಾಗಿದೆ.

ನಿನ್ನ ಅಣ್ಣ

ಇಲ್ಲಿಂದ ಕೆಳಗಿರುವುದು ಅವರು ಹೇಳಿ ಬರೆಸಿದ್ದಲ್ಲ. ನಾನು, ನಿನ್ನ ಅತ್ತಿಗೆ. ದುಂಡಕ್ಷರ ನನ್ನದು. ಜನರೇಟರೂ ಇಲ್ಲ, ಹಡಗೂ ಇಲ್ಲ, ಹಡಗಿಗೆ ಮುಟ್ಟಿಸಿ ಎಂದು ನೀನು ಕಳಿಸಿದ್ದೆಲ್ಲ ಮನೆಯಲ್ಲೇ ಇದೆ. ಹಡಗಿನವರ ಕಣ್ಣು ತಪಾಸಣೆಯಲ್ಲಿ ಇವರು ನಪಾಸಾಗಿ ಎರಡು ವರ್ಷವಾಯಿತು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಹಾಳಾಗುತ್ತಾ ಬಂದಿದೆಯಂತೆ. ಕೊಳವೆಯಲ್ಲಿ ನೋಡಿದ ಹಾಗೆ ಎನ್ನುತ್ತಿದ್ದರು. ಈಗ ಆ ಕೊಳವೆಯೂ ಮುಚ್ಚಿದೆ. ಬೆಳಕು, ಕತ್ತಲೆ ಎರಡೂ ಗೊತ್ತಾಗುತ್ತವೆ, ಅಷ್ಟೇ. ನಿನಗೆ ತಿಳಿಸಬೇಡ ಎಂದು ಆಣೆ ಹಾಕಿಸಿಕೊಂಡಿದ್ದಾರೆ. "ಅವಳು ನನ್ನ ಕಣ್ಣಿಗೇ ಅಂತ ಅಷ್ಟೆಲ್ಲ ಬರೀತಾಳೆ, ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ" ಎನ್ನುತ್ತಾರೆ. ಈಗ "ಏನು ಇಷ್ಟೊತ್ತು ಬರೀತಿದ್ದೀಯಾ?" ಎಂದು ಕೇಳುತ್ತಿದ್ದಾರೆ. ವಿಳಾಸ ಎಂದೆ.


25 ಆಗಸ್ಟ್ 2014

ಅತ್ತಿಗೆ,

ಶನಿವಾರ ಬೆಳಿಗ್ಗೆ ಬರುತ್ತೇನೆ. ಇದನ್ನು ಅಣ್ಣನಿಗೆ ಓದಿ ಹೇಳಬೇಡಿ.


3 ಮಾರ್ಚ್ 2021
ಅಂಗಡಿಯಿಂದ

ಪ್ರೀತಿಯ ಅಣ್ಣ,

ಆರೂವರೆ ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ. ವಾರವಾರ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದ್ದೇನೆ. ಮೋಟಾರಿಗೆ ತಂತಿ ಸುತ್ತುವ ನಿನ್ನ ಹೊಸ ಕೆಲಸದ ಬಗ್ಗೆ, ತಂತಿಯ ದಪ್ಪವನ್ನು ಬೆರಳಲ್ಲೇ ಹೇಳಿ ವರ್ಕ್‌ಶಾಪಿನವರನ್ನು ಬೆರಗುಗೊಳಿಸಿದ್ದರ ಬಗ್ಗೆ ಮಾತಾಡಿದ್ದೇನೆ. ಪೆಟ್ಟಿಗೆಯ ಮಾತು ಮಾತ್ರ ಎತ್ತಲಿಲ್ಲ. ಆ ಶನಿವಾರ ನಿಮ್ಮ ಮನೆಯಿಂದ ಹೊರಡುವಾಗ ಟೀವಿಯ ಕೆಳಗಿದ್ದ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಅದು ಕಾಲಿಗೆ ಸಿಕ್ಕಾಗಲೆಲ್ಲ ನಿನಗೆ ನೋವಾಗಬಾರದು ಎಂದು.

ಇವತ್ತು ಆ ಮೌನ ಮುರಿಯಬೇಕಾಗಿದೆ. ತಡೆಯಲಾಗುತ್ತಿಲ್ಲ.

ಹೊಸ ಪೆಟ್ಟಿಗೆಯೊಂದು ರಿಪೇರಿಗೆ ಬಂತು. ಫ್ಯಾನ್ ಸರಿಮಾಡಿ ಪರೀಕ್ಷೆಗೆ ಹಚ್ಚಿದೆ. ಟೀವಿ ಇನ್ನೂ ಹಾಕಿರಲಿಲ್ಲ, ಸ್ಪೀಕರ್ ಮಾತ್ರ ಇತ್ತು. ಯಾವುದೋ ಸೆಟ್ಟಿಂಗಿಗೆ ಕೈ ತಾಗಿತೇನೋ, ಪೆಟ್ಟಿಗೆ ಬಾಯಿ ಬಿಟ್ಟು ಮಾತಾಡಿತು! ಯಾವ ಮೆನು, ಎಷ್ಟನೇ ಸಾಲು ಎಂದು ಒಂದೊಂದನ್ನೂ ಓದಿ ಹೇಳಿತು. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಬಿತ್ತು.

ಅದರ ಒಡತಿಗೆ ಫೋನ್ ಮಾಡಿದೆ. ಸಂಗೀತದ ಟೀಚರ್. "ಹೂಂ, ನನಗೆ ಕಣ್ಣು ಕಾಣಲ್ಲ. ನಾನು ಹಾಗೇ ಆಡೋದು. ಯಾಕೆ, ಹಾಳಾಗಿದೆಯಾ?" ಎಂದರು. ಯಾಕೆಂದು ಹೇಳಲು ಹೋಗಿ ನಾನು ಅತ್ತುಬಿಟ್ಟೆ. ಅವರು ಮರುದಿನ ಅಂಗಡಿಗೆ ಬಂದು ಆಡಿ ತೋರಿಸಿದರು. ಹೆಡ್‌ಫೋನ್ ಹಾಕಿಕೊಂಡರೆ ಸದ್ದು ಎಡ ಬಲ ಮಾತ್ರವಲ್ಲ, ತಲೆಯ ಮೇಲಿಂದ, ಬೆನ್ನ ಹಿಂದಿನಿಂದ ಬರುತ್ತದೆ. ಒಂದು ಗುಂಡಿ ಒತ್ತಿದರೆ ದಾರಿ ಇರುವ ಕಡೆಯಿಂದ ಘಂಟೆಯ ನಾದ. ಕೈಯಲ್ಲಿ ಹಿಡಿದ ಕಂಟ್ರೋಲರ್ ಬಗೆಬಗೆಯಾಗಿ ಅದುರುತ್ತದೆ: ಮರಳಿನಲ್ಲಿ ನಡೆದರೆ ಅಂಗೈಗೆ ಮರಳು, ಮಂಜುಗಡ್ಡೆಯಾದರೆ ಮಂಜುಗಡ್ಡೆ. ಬಿಲ್ಲು ಎಳೆದರೆ ಬೆರಳಿನ ಕೆಳಗೆ ಗುಂಡಿಯೇ ಬಿಗಿಯಾಗಿ ಎದುರು ತಳ್ಳುತ್ತದೆ! ಇಷ್ಟು ವರ್ಷ ನಾನು ಮರ, ಬೆರಳು, ಹುಲ್ಲು ಎಂದು ಕೂಗಾಡಿದೆನಲ್ಲ, ಅವೆಲ್ಲ ಪರದೆಯ ಆ ಕಡೆ ನಡೆದ ಜಿಗಿತಗಳು. ಇದು ಈ ಕಡೆಗೆ ಹಾರಿ ಬಂದಿದೆ.

ಒಂದನ್ನು ನಿನಗೆ ಕಳಿಸಿದ್ದೇನೆ. ಯಾವ ತಂತಿ ಎಲ್ಲಿಗೆ ಎಂದು ಬೆರಳಿಗೆ ತಿಳಿಯಲು ಬೆಸುಗೆಯ ಚುಕ್ಕೆ ಇಟ್ಟಿದ್ದೇನೆ. ಒಂದು ಚುಕ್ಕೆ ಕರೆಂಟ್, ಎರಡು ಟೀವಿ. ಬೇಡವಾದರೆ ವಾಪಸು ಕಳಿಸು, ಬೇಸರವಿಲ್ಲ. (ಇದೆ.)

ನಿನ್ನ ತಂಗಿ


17 ಏಪ್ರಿಲ್ 2021
ಮನೆಯಿಂದ

ಪ್ರೀತಿಯ ಸ್ಕ್ರೂ,

ಇದು ನಾನೇ ಬರೆದದ್ದು. ನಿನ್ನ ಅತ್ತಿಗೆಯ ದುಂಡಕ್ಷರವಲ್ಲ. ಮಾತಾಡುವ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ಅದು ಓದಿ ಹೇಳಿದ್ದನ್ನು ಕೇಳಿ, ತಿದ್ದಿ ಪ್ರಿಂಟ್ ತೆಗೆದಿದ್ದೇನೆ. ತಪ್ಪಿದ್ದರೆ ಬೈದುಕೋ.

ಮೊದಲು ಜಗಳ. ನೀನು ಆ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದೆಯಲ್ಲ, ಅವತ್ತು ನನಗೆ ಹಡಗು ಬಿಟ್ಟ ದಿನಕ್ಕಿಂತ ಹೆಚ್ಚು ನೋವಾಯಿತು. ಗುಹೆಯವರೆಗೆ ಅತ್ತಿಗೆಯೇ ಗುಂಡಿ ಒತ್ತಿ ಒಂದೆರಡು ಸಲ ನಡೆಸಿದ್ದಳು, ನಾನೇ ಆಡಲು ಆಗುತ್ತಿರಲಿಲ್ಲ ನಿಜ. ಆದರೆ ದಿನಾ ಸಂಜೆ ಅದನ್ನು ಹಾಕಿ, ಆ ಕಾಡಿನ ಒಂದೇ ಜಾಗದಲ್ಲಿ ನಿಂತು ಎಲೆಗಳ ಸದ್ದು ಕೇಳುತ್ತಿದ್ದೆ. ನಿನ್ನ ಮೂರು ಪುಟವನ್ನು ಅತ್ತಿಗೆ ಪಕ್ಕದಲ್ಲಿ ಕೂತು ಓದುತ್ತಿದ್ದಳು. ಹುಲ್ಲು ಬಾಗುವುದು ನನಗೆ ಕಂಡದ್ದೇ ಹಾಗೆ. ನೀನು ಕಾಗದ ನಿಲ್ಲಿಸಿದಾಗ, ಕುರುಡನ ಹತ್ತಿರ ಇವಳಿಗೆ ಇನ್ನೇನು ಮಾತು ಎಂದುಕೊಂಡೆ. ಇಬ್ಬರೂ ಎಂಥಾ ಪೆದ್ದರು!

ಜಗಳ ಮುಗಿಯಿತು. ಈಗ ಕೇಳು.

ನೀನು ಕಳಿಸಿದ ಆಟದಲ್ಲಿ ನಾನು ಕೋಟೆ ಹೊಕ್ಕೆ! ಸ್ಕ್ರೂ, ಒಬ್ಬನೇ, ಯಾರ ಸಹಾಯವಿಲ್ಲದೆ, ಹನ್ನೊಂದು ದಿನ ಹಿಡಿಯಿತು. ಮೊದಲ ದಿನ ಬಾಗಿಲನ್ನೇ ಹುಡುಕಿದ್ದು. ಗೋಡೆಗೆ ಹಣೆ ಬಡಿದು ಬಡಿದು, ಕಲ್ಲಿನ ಸದ್ದಿಗೂ ಮರದ ಸದ್ದಿಗೂ ವ್ಯತ್ಯಾಸ ಹಿಡಿದೆ. ಮರವೆಂದರೆ ಬಾಗಿಲು. ಅಂಗಳದಲ್ಲಿ ಆರು ಕಾವಲುಗಾರರು. ಒಬ್ಬ ಕೆಮ್ಮುತ್ತಾನೆ, ಒಬ್ಬನ ಬೂಟು ಕಿರುಗುಡುತ್ತದೆ, ಒಬ್ಬ ಹಾಡು ಗುನುಗುತ್ತಾನೆ. ಮೂವರನ್ನು ಅಡಗಿಕೊಂಡು ದಾಟಿದೆ. ಉಳಿದವರಿಗೆ ಬಿಲ್ಲು. ಗುಂಡಿಯ ಬಿಗಿ ಬೆರಳಿಗೆ ಬಂದ ಕೂಡಲೇ ಉಸಿರು ಬಿಗಿಹಿಡಿದು ಬಾಣ ಬಿಟ್ಟೆ. ಬಾಣ ತಾಗಿದ ಸದ್ದು ಕೇಳಿ ಎದ್ದು ಕೂಗಿದ ಕೂಗಿಗೆ ಎದುರುಮನೆಯವರು ಬಂದು, "ಏನಾಯ್ತು? ಬಿದ್ರಾ?" ಎಂದು ಬಾಗಿಲು ಬಡಿದರು. ಅತ್ತಿಗೆ, "ಇಲ್ಲ, ಕೋಟೆ ಬಿತ್ತು" ಎಂದಳು.

ಸತ್ತರೆ ತಕ್ಷಣ ಮತ್ತೆ ಹುಟ್ಟುತ್ತೇನೆ, ಅದೇ ಇನ್ನೊಂದು ಬೆರಗು. ಹಳೆ ಪೆಟ್ಟಿಗೆಯಲ್ಲಿ ಸತ್ತಮೇಲೆ ಕೂತು ಕಾಯಬೇಕಿತ್ತು. ನಲವತ್ತು ಸಲ ಸತ್ತಿದ್ದೇನೆ, ಒಂದು ಸಲವೂ ಬೇಜಾರಾಗಲಿಲ್ಲ.

ನಿನ್ನ ಆಟ ಎಲ್ಲಿಗೆ ಬಂತು?

ಅಣ್ಣ


5 ಮೇ 2021
ಅಂಗಡಿಯಿಂದ

ಅಣ್ಣಾ,

ನಿನ್ನ ಕಾಗದವನ್ನು ಸಂಗೀತದ ಟೀಚರಿಗೆ ಫೋನಿನಲ್ಲಿ ಓದಿ ಹೇಳಿದೆ. ಹಾಡು ಗುನುಗುವ ಕಾವಲುಗಾರ ಶ್ರುತಿ ತಪ್ಪುತ್ತಾನೆಂದು ಅವರು ಅವನನ್ನೇ ಮೊದಲು ಹೊಡೆದರಂತೆ.

ನನ್ನ ಆಟ ಎಲ್ಲಿಗೂ ಬಂದಿಲ್ಲ. ಕೋಟೆಯನ್ನು ನಾನು ಒಂದೇ ಮಧ್ಯಾಹ್ನ ದಾಟಿದ್ದೆ. ನಿನ್ನ ಕಾಗದ ಓದಿದ ಮೇಲೆ ಅದು ಲೆಕ್ಕಕ್ಕಿಲ್ಲ ಎನ್ನಿಸಿತು. ಭಾನುವಾರ ಅಂಗಡಿಯ ಬಾಗಿಲು ಹಾಕಿ, ಟೀವಿ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಶುರುಮಾಡಿದೆ.

ಅಣ್ಣ, ಆಟದಲ್ಲಿ ನಾನು ಹಾಸಿಗೆಯಿಂದ ಏಳಲು ಹತ್ತು ನಿಮಿಷ ಹಿಡಿಯಿತು! ನಾಯಕಿ ಅಡುಗೆಮನೆಯಲ್ಲಿ ಸಿಕ್ಕಿಹಾಕಿಕೊಂಡಳು. ಇಪ್ಪತ್ತನಾಲ್ಕು ವರ್ಷ ಈ ಪೆಟ್ಟಿಗೆಗಳ ಕರುಳು ಬಿಚ್ಚಿದವಳು ನಾನು. ಒಂದು ದಿನವೂ ಸರಿಯಾಗಿ ಕಿವಿ ಕೊಟ್ಟಿರಲಿಲ್ಲ ಎಂದು ಅವತ್ತು ತಿಳಿಯಿತು. ಹಲ್ಲಿನ ಡಾಕ್ಟರ ಆ ಮೊದಲ ಪೆಟ್ಟಿಗೆಯ ಮುಂದೆಯೂ ನಾನು ಹೀಗೆ ಬೆರಗಾಗಿರಲಿಲ್ಲ.

ಹೇಗೋ ಮನೆ ದಾಟಿ ಮುರಿದ ಸೇತುವೆಯವರೆಗೆ ಬಂದೆ. ಅಲ್ಲೇ ಹದಿನಾಲ್ಕು ಸಲ ನದಿಗೆ ಬಿದ್ದೆ. ಟೀವಿ ಹಾಕಿ ಒಂದೇ ಒಂದು ಸಲ ನೋಡಿಬಿಡಲೇ ಎನ್ನಿಸುತ್ತಿದೆ, ಆದರೆ ಹಾಕಿಲ್ಲ. ಯಜಮಾನರಿಗೀಗ ಎಂಬತ್ತೊಂದು. ಪಕ್ಕದಲ್ಲಿ ಕೂತು, "ಹಾರು, ಹಾರು, ಅಯ್ಯೋ ಈಗಲ್ಲ!" ಎಂದು ತಲೆ ತಿನ್ನುತ್ತಿದ್ದಾರೆ. ಅವರಿಗೂ ಏನೂ ಕಾಣುತ್ತಿಲ್ಲ.

ನೀನು ಹೇಗೆ ದಾಟಿದೆ? ಬೇಗ ಬರೆ.

ನಿನ್ನ ತಂಗಿ


13 ಮೇ 2021
ಮನೆಯಿಂದ

ಸ್ಕ್ರೂ,

ಟೀವಿ ಹಾಕಬೇಡ. ಯಜಮಾನರಿಗೆ ಬಾಯಿ ಮುಚ್ಚಲು ಹೇಳು, ನನ್ನ ನಮಸ್ಕಾರವನ್ನೂ ಹೇಳು.

ಸೇತುವೆಯ ತುದಿಗೆ ಬಂದಾಗ ಓಡಬೇಡ, ನಿಲ್ಲು. ಎಲ್ಲರೂ ಓಡಿಯೇ ಬೀಳುವುದು. ನಿಂತರೆ ಅಂಗೈಯಲ್ಲಿ ಹಲಗೆ ನಡುಗುವುದು ಗೊತ್ತಾಗುತ್ತದೆ, ಅದು ಹೆದರಿಸುತ್ತದೆ ಅಷ್ಟೇ, ಮುರಿಯುವುದಿಲ್ಲ. ಈಗ ನದಿಯನ್ನು ಮರೆತುಬಿಡು. ಅದು ಜೋರಾಗಿರುವುದರಿಂದ ನೀನು ಅದನ್ನೇ ಕೇಳುತ್ತಿದ್ದೀಯಾ. ಅದರ ಹಿಂದೆ, ಬಹಳ ಮೆಲ್ಲಗೆ, ಆ ದಡದಲ್ಲಿ ಹಗ್ಗವೊಂದು ಗಾಳಿಗೆ ಕಂಬಕ್ಕೆ ಬಡಿಯುತ್ತಿರುತ್ತದೆ. ಸಿಕ್ಕಿತೇ? ಅವಸರ ಮಾಡಬೇಡ, ಸಿಗುತ್ತದೆ. ಹೆಬ್ಬೆರಳಿನ ಕೋಲನ್ನು ಮೆಲ್ಲಗೆ ತಿರುಗಿಸುತ್ತಾ ಆ ಸದ್ದನ್ನು ಎರಡೂ ಕಿವಿಗಳ ನಡುವೆ, ಮೂಗಿನ ನೇರಕ್ಕೆ ತಂದುಕೋ.

ಬಂತಲ್ಲ? ಈಗ ಹಾರು.

ಅಣ್ಣ